ಮೆಟಾಫರ್ ಪ್ಯಾಕೇಜ್: ಐ-ಸ್ಕ್ವೇರ್ 92 ಬಂದಮೇಲೆ ಏನು ಮಾಡಬೇಕು?

ಬೆಂಗಳೂರಿನ ಯಾವ ಮೆಡಿಕಲ್ ಕಾಲೇಜಿನ ಥೀಸಿಸ್ ಪ್ರೆಸೆಂಟೇಶನ್‌ಗೆ ಹೋಗಿ ಕೂತರೂ ಸರಿ, ಮೆಟಾ-ಅನಾಲಿಸಿಸ್ (ಒಂದೇ ಪ್ರಶ್ನೆಯ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸುವ ಲೆಕ್ಕ) ಸ್ಲೈಡ್ ಬಂದ ಕೂಡಲೇ ಈ ಮಾತು ಕಿವಿಗೆ ಬೀಳುತ್ತದೆ.

“ಏನಮ್ಮ, ಐ-ಸ್ಕ್ವೇರ್ 92 ಬಂದಿದೆಯಲ್ಲ, ಯಾಕೆ?”

“ಅದಕ್ಕೇ ಸರ್, ರ‍್ಯಾಂಡಮ್ ಎಫೆಕ್ಟ್ಸ್ ಮಾಡೆಲ್ ಹಾಕಿದ್ದೀನಿ.”

ಕೇಳಿದ್ದು ಯಾಕೆ ಅಂತ, ಹೇಳಿದ್ದು ಏನು ಮಾಡಿದೆ ಅಂತ. ಐ-ಸ್ಕ್ವೇರ್ ಎಂದರೆ ಅಧ್ಯಯನಗಳ ಫಲಿತಾಂಶಗಳ ಏರುಪೇರಿನಲ್ಲಿ ಬರೀ ಆಕಸ್ಮಿಕವಲ್ಲದ ಪಾಲು, ಶೇಕಡಾದಲ್ಲಿ. ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದಿದ್ದಾಗ ರ‍್ಯಾಂಡಮ್ ಎಫೆಕ್ಟ್ಸ್ ಮಾಡೆಲ್ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ ಹೊರತು ಕಾರಣ ಹುಡುಕುವುದಿಲ್ಲ. ಹುಡುಕಬೇಕೆಂದರೆ ಮೆಟಾ-ರಿಗ್ರೆಷನ್ ಬೇಕು. ಅಲ್ಲಿ ಒಬ್ಬೊಬ್ಬ ರೋಗಿಯಲ್ಲ, ಒಂದೊಂದು ಅಧ್ಯಯನವೇ ಒಂದೊಂದು ಚುಕ್ಕಿ. ಅಧ್ಯಯನ ನಡೆದ ಜಾಗ, ವರ್ಷ, ಔಷಧದ ಡೋಸ್, ರೋಗಿಗಳ ಸರಾಸರಿ ವಯಸ್ಸು, ಇಂಥ ಯಾವುದಾದರೂ ಗುಣ ಬದಲಾದಂತೆ ಚಿಕಿತ್ಸೆಯ ಪರಿಣಾಮವೂ ಬದಲಾಗುತ್ತದೆಯೇ ಎಂದು ನೋಡುವ ಲೆಕ್ಕ ಅದು. ಈ ಕೆಲಸಕ್ಕೆ ಪುಕ್ಕಟೆಯಾಗಿ ಸಿಗುವ ಸಾಧನಗಳಲ್ಲಿ ಮೆಟಾಫರ್‌ಗೆ ಸಾಟಿಯಿಲ್ಲ. ಅದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಸುಮ್ಮನೆ ನೋಡುತ್ತಾ ನಿಂತು ನಿಮ್ಮನ್ನು ಹಳ್ಳಕ್ಕೆ ಬೀಳಲು ಬಿಡುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ಮೆಟಾಫರ್ (metafor) ಎನ್ನುವುದು ಆರ್ (R) ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದೊಳಗೆ ಹಾಕಿಕೊಳ್ಳುವ ಪ್ಯಾಕೇಜ್. ಬರೆದವರು ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ವೋಲ್ಫ್‌ಗಾಂಗ್ ಫೀಶ್ಟ್‌ಬಾವರ್. 2009ರಲ್ಲಿ ಹೊರಬಂತು, 2010ರಲ್ಲಿ ಅದರ ಬಗ್ಗೆ ವಿವರವಾದ ಲೇಖನ ಜರ್ನಲ್ ಆಫ್ ಸ್ಟ್ಯಾಟಿಸ್ಟಿಕಲ್ ಸಾಫ್ಟ್‌ವೇರ್‌ನಲ್ಲಿ ಪ್ರಕಟವಾಯಿತು. ಲೈಸೆನ್ಸ್ ಕೊಳ್ಳಬೇಕಿಲ್ಲ, ವಾರ್ಷಿಕ ಶುಲ್ಕ ಇಲ್ಲ, ಕಾಲೇಜಿನ ಐಡಿ ಕೇಳುವುದಿಲ್ಲ. ಹಾಸ್ಟೆಲ್‌ನ ಸಾಧಾರಣ ಲ್ಯಾಪ್‌ಟಾಪ್ ಸಾಕು. ಇನ್‌ಸ್ಟಾಲ್ ಆಗುವ ಹೊತ್ತಿಗೆ ಬೈ-ಟೂ ಕಾಫಿಯೂ ಮುಗಿದಿರುವುದಿಲ್ಲ.

ಪರೀಕ್ಷೆಗೆ ಬೇರೆ ಡೇಟಾ ಹುಡುಕಬೇಕಿಲ್ಲ. ಪ್ಯಾಕೇಜ್ ಜೊತೆಗೇ ಬರುವ ಬಿಸಿಜಿ ಲಸಿಕೆಯ 13 ಅಧ್ಯಯನಗಳ ಪಟ್ಟಿ ಇದೆ. 1994ರಲ್ಲಿ ಕೋಲ್ಡಿಟ್ಜ್ ಮತ್ತು ಸಂಗಡಿಗರು ಜಾಮಾ ಪತ್ರಿಕೆಯಲ್ಲಿ ಪ್ರಕಟಿಸಿದ ಮೆಟಾ-ಅನಾಲಿಸಿಸ್‌ನಿಂದ ತೆಗೆದದ್ದು. ಬೆಂಗಳೂರಿನವರು ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 13 ಅಧ್ಯಯನಗಳಲ್ಲಿ ಎರಡು ನಮ್ಮ ಪಕ್ಕದವೇ: ಒಂದು ಮದನಪಲ್ಲಿಯದು, ಇನ್ನೊಂದು ಚೆಂಗಲ್ಪಟ್ಟಿನದು. ಎರಡಕ್ಕೂ ಪಟ್ಟಿಯಲ್ಲಿ ಅಕ್ಷಾಂಶ 13 ಎಂದೇ ಬರೆದಿದೆ. ಬೆಂಗಳೂರಿನ ಅಕ್ಷಾಂಶವೂ ಹೆಚ್ಚುಕಮ್ಮಿ ಅಷ್ಟೇ. ಇಡೀ ಪಟ್ಟಿಯಲ್ಲಿ ಸಮಭಾಜಕಕ್ಕೆ ಅತಿ ಹತ್ತಿರದವು ಇವೆರಡೇ. ಇನ್ನೊಂದು ತುದಿಯಲ್ಲಿ ಕೆನಡಾದ ಅಧ್ಯಯನ, ಅಕ್ಷಾಂಶ 55.

ಈಗ ಅಂಕಿಗಳು. ಕೆನಡಾದಲ್ಲಿ ಲಸಿಕೆ ಹಾಕಿಸಿಕೊಂಡ 306 ಜನರಲ್ಲಿ 6 ಮಂದಿಗೆ ಕ್ಷಯ, ಹಾಕಿಸಿಕೊಳ್ಳದ 303 ಜನರಲ್ಲಿ 29 ಮಂದಿಗೆ. ರಿಸ್ಕ್ ರೇಶಿಯೊ (ಎರಡು ಗುಂಪುಗಳ ಅಪಾಯದ ಅನುಪಾತ) ಸುಮಾರು 0.20, ಅಂದರೆ ಅಪಾಯ ಐದರಲ್ಲೊಂದು ಪಾಲಿಗೆ ಇಳಿದಿದೆ. ಚೆಂಗಲ್ಪಟ್ಟಿನಲ್ಲಿ ಎರಡೂ ಕಡೆ 88,391 ಜನ, ಲಸಿಕೆಯ ಗುಂಪಿನಲ್ಲಿ 505 ಪ್ರಕರಣ, ಇನ್ನೊಂದರಲ್ಲಿ 499. ರೇಶಿಯೊ 1.01. ಲಸಿಕೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಇವೆರಡನ್ನೂ ಒಂದೇ ಪಾತ್ರೆಗೆ ಸುರಿದು ಸರಾಸರಿ ತೆಗೆದರೆ ಬರುವ ಅಂಕಿ ಯಾವ ಊರಿಗೂ ಸಲ್ಲುವುದಿಲ್ಲ.

ಮೆಟಾಫರ್‌ನಲ್ಲಿ ಕೆಲಸ ಎರಡು ಹೆಜ್ಜೆಯದು. ಮೊದಲನೆಯದು ಎಸ್ಕಾಲ್ಕ್ ಎಂಬ ಆದೇಶ. ಪ್ರತಿ ಅಧ್ಯಯನದ ನಾಲ್ಕು ಅಂಕಿಗಳನ್ನು ಕೊಟ್ಟರೆ ಲಾಗ್ ರಿಸ್ಕ್ ರೇಶಿಯೊ ಒಂದು ಕಾಲಮ್‌ನಲ್ಲಿ, ಅದರ ವೇರಿಯನ್ಸ್ (ಅಂದಾಜು ಎಷ್ಟು ಅಲ್ಲಾಡಬಹುದು ಎಂಬ ಅಳತೆ) ಇನ್ನೊಂದರಲ್ಲಿ ಸೇರಿಸಿ ಕೊಡುತ್ತದೆ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಎರಡನೆಯ ಮತ್ತು ನಾಲ್ಕನೆಯ ಜಾಗದಲ್ಲಿ ಅದು ಕೇಳುವುದು ಕಾಯಿಲೆ ಬಾರದವರ ಸಂಖ್ಯೆ, ಒಟ್ಟು ಸಂಖ್ಯೆಯಲ್ಲ. ಪೇಪರುಗಳ ಟೇಬಲ್‌ನಲ್ಲಿ ಇರುವುದು ಮಾತ್ರ ಸಾಮಾನ್ಯವಾಗಿ ಒಟ್ಟು ಸಂಖ್ಯೆ. 300 ಎಂದು ಹಾಕಬೇಕಾದ ಕಡೆ 306 ಹಾಕಿದರೆ ಪ್ಯಾಕೇಜ್ ತುಟಿ ಪಿಟಕ್ಕೆನ್ನುವುದಿಲ್ಲ. ಕಾಯಿಲೆ ಅಪರೂಪವಾಗಿದ್ದರೆ ಉತ್ತರ ಹೆಚ್ಚು ಕೆಡುವುದೂ ಇಲ್ಲ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಒಟ್ಟು ಸಂಖ್ಯೆಯೇ ಕೈಯಲ್ಲಿದ್ದರೆ ಅದಕ್ಕೆಂದೇ ಬೇರೆ ಜಾಗವಿದೆ, ಎನ್1ಐ ಮತ್ತು ಎನ್2ಐ ಎಂದು. ಅದನ್ನೇ ಬಳಸಿ. ಯಾವುದಾದರೂ ಗುಂಪಿನಲ್ಲಿ ಪ್ರಕರಣ ಸೊನ್ನೆಯಾಗಿದ್ದರೆ ಆ ಅಧ್ಯಯನದ ನಾಲ್ಕೂ ಅಂಕಿಗೆ ತಾನಾಗಿಯೇ ಅರ್ಧ ಸೇರಿಸುತ್ತದೆ ಎಂಬುದೂ ತಿಳಿದಿರಲಿ.

ಎರಡನೆಯದು ಆರ್‌ಎಮ್‌ಎ ಆದೇಶ. ಮೊದಲು ಯಾವ ಗುಣವನ್ನೂ ಸೇರಿಸದೆ ಓಡಿಸಿದಾಗ ಬಿಸಿಜಿ ಡೇಟಾಗೆ ಬರುವ ಉತ್ತರ: ಲಾಗ್ ಅಳತೆಯಲ್ಲಿ −0.7145, ಅಂದರೆ ರಿಸ್ಕ್ ರೇಶಿಯೊ 0.49. ಅಧ್ಯಯನಗಳ ನಡುವಿನ ವೇರಿಯನ್ಸ್, ಅದೇ ಟೌ-ಸ್ಕ್ವೇರ್, 0.3132. ಐ-ಸ್ಕ್ವೇರ್ 92.22. ಥೀಸಿಸ್ ಹಾಲ್‌ನ ಆ 92 ಇದೇ.

ತೂಕದ ವಿಷಯ ಇಲ್ಲೇ ಹೇಳಿಬಿಡಬೇಕು. ಚೆಂಗಲ್ಪಟ್ಟು ಅಧ್ಯಯನದಲ್ಲಿ 1,76,782 ಜನ. ಅಕ್ಷಾಂಶ 44ರಲ್ಲಿ ನಡೆದ 1948ರ ಅರೋನ್ಸನ್ ಅಧ್ಯಯನದಲ್ಲಿ ಬರೀ 262. ಜನರ ಲೆಕ್ಕದಲ್ಲಿ ಆರುನೂರೈವತ್ತು ಪಟ್ಟಿಗೂ ಮೀರಿದ ಅಂತರ. ಆದರೆ ಈ ಮಾಡೆಲ್‌ನಲ್ಲಿ ಮೊದಲನೆಯದಕ್ಕೆ ಸಿಗುವ ತೂಕ ಶೇ. 10, ಎರಡನೆಯದಕ್ಕೆ ಶೇ. 5. ಏಕೆಂದರೆ ತೂಕ ಎಂದರೆ ಅಧ್ಯಯನದ ಸ್ವಂತ ವೇರಿಯನ್ಸ್‌ಗೆ ಟೌ-ಸ್ಕ್ವೇರ್ ಕೂಡಿಸಿ ತಲೆಕೆಳಗು ಮಾಡಿದ ಅಂಕಿ. ಟೌ-ಸ್ಕ್ವೇರ್ ದೊಡ್ಡದಾದಷ್ಟೂ ದೊಡ್ಡವರು ಚಿಕ್ಕವರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತಾರೆ. ಅಕ್ಷಾಂಶ ಸೇರಿಸಿದ ಮೇಲೆ ಟೌ-ಸ್ಕ್ವೇರ್ 0.0764ಕ್ಕೆ ಇಳಿಯುತ್ತದೆ, ಆಗ ಇದೇ ಎರಡು ಅಧ್ಯಯನಗಳ ತೂಕದ ಅಂತರ ಎರಡು ಪಟ್ಟಿನಿಂದ ಐದು ಪಟ್ಟಿಗೆ ಹೋಗುತ್ತದೆ. ‘ನಮ್ಮಲ್ಲಿ ದೊಡ್ಡ ಟ್ರಯಲ್ ಇದೆ, ಅದೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ’ ಎಂದು ಊಹಿಸಿ ಕೂತವರಿಗೆ ಈ ಒಂದು ಲೆಕ್ಕ ತೋರಿಸಿದರೆ ಸಾಕು.

ಅಕ್ಷಾಂಶವನ್ನು ಸೇರಿಸುವುದು ಒಂದೇ ಸಾಲಿನ ಕೆಲಸ. ಮಾಡ್ಸ್ ಎಂಬ ಜಾಗದಲ್ಲಿ ಟಿಲ್ಡೆ ಚಿಹ್ನೆ (~) ಹಾಕಿ ಕಾಲಮ್‌ನ ಹೆಸರು ಬರೆದರಾಯಿತು. ಇಳಿಜಾರು −0.0291, ಇಂಟರ್‌ಸೆಪ್ಟ್ (ಅಕ್ಷಾಂಶ ಸೊನ್ನೆಯಾದಾಗಿನ ಬೆಲೆ) 0.2515. ಇವನ್ನು ಹಾಗೇ ಸ್ಲೈಡ್‌ಗೆ ಅಂಟಿಸಬೇಡಿ, ಲಾಗ್ ಅಳತೆಯ ಅಂಕಿ ಕೇಳುಗರಿಗೆ ಏನೂ ಹೇಳುವುದಿಲ್ಲ. ಪ್ರೆಡಿಕ್ಟ್ ಆದೇಶಕ್ಕೆ ಅಕ್ಷಾಂಶ ಕೊಟ್ಟು, ಲಾಗ್ ಬಿಚ್ಚಲು ಹೇಳಿದರೆ ಓದಬಲ್ಲ ಉತ್ತರ ಬರುತ್ತದೆ: 13ರಲ್ಲಿ ರಿಸ್ಕ್ ರೇಶಿಯೊ 0.88, 44ರಲ್ಲಿ 0.36, 55ರಲ್ಲಿ 0.26. ಅಧ್ಯಯನಗಳ ನಡುವಿನ ವ್ಯತ್ಯಾಸದಲ್ಲಿ ಶೇ. 75.62ರಷ್ಟನ್ನು ಅಕ್ಷಾಂಶವೊಂದೇ ವಿವರಿಸಿತು ಎಂದು ಆರ್-ಸ್ಕ್ವೇರ್ ಹೇಳುತ್ತದೆ. ಉಳಿದ ಐ-ಸ್ಕ್ವೇರ್ ಇನ್ನೂ 68.39 ಇದೆ, ಅದನ್ನು ಮುಚ್ಚಿಡಬೇಡಿ.

ಇಂಟರ್‌ಸೆಪ್ಟ್ ಬಗ್ಗೆ ಒಂದು ಮಾತು. 0.2515ರ ಲಾಗ್ ಬಿಚ್ಚಿದರೆ 1.29. ‘ಸಮಭಾಜಕದಲ್ಲಿ ಲಸಿಕೆ ಹಾಕಿದರೆ ಕ್ಷಯ ಹೆಚ್ಚುತ್ತದೆ’ ಎಂದು ಬರೆಯುವ ಆಸೆಯಾದರೆ ತಡೆದುಕೊಳ್ಳಿ. ಡೇಟಾ ಶುರುವಾಗುವುದೇ 13ರಿಂದ. ಸೊನ್ನೆಯಲ್ಲಿ ಒಂದು ಅಧ್ಯಯನವೂ ಇಲ್ಲ. ಪ್ರೆಡಿಕ್ಟ್ ಆದೇಶಕ್ಕೆ ಸೊನ್ನೆ ಕೊಟ್ಟರೂ ಉತ್ತರ ಕೊಡುತ್ತದೆ, 90 ಕೊಟ್ಟರೂ ಕೊಡುತ್ತದೆ. ಕೊಟ್ಟದ್ದು ಡೇಟಾದ ವ್ಯಾಪ್ತಿಯ ಆಚೆಗಿನದು ಎಂಬ ಎಚ್ಚರಿಕೆಯಂತೂ ಬರುವುದಿಲ್ಲ. ಕಾಲಮ್‌ನಿಂದ ಸರಾಸರಿಯನ್ನು ಕಳೆದು ಆಮೇಲೆ ಮಾಡೆಲ್‌ಗೆ ಹಾಕಿದರೆ ಇಂಟರ್‌ಸೆಪ್ಟ್‌ಗೆ ಅರ್ಥ ಬರುತ್ತದೆ, ಇಳಿಜಾರು ಮಾತ್ರ ಅಲ್ಲಾಡುವುದಿಲ್ಲ.

ಅಕ್ಷಾಂಶ ಯಾರನ್ನೂ ಕ್ಷಯದಿಂದ ಕಾಪಾಡುವುದಿಲ್ಲ ಎಂಬುದಂತೂ ಗೊತ್ತಿರುವ ವಿಷಯ. ಬಿಸಿಲ ನಾಡುಗಳ ಮಣ್ಣು ನೀರಿನಲ್ಲಿರುವ ಇತರ ಮೈಕೋಬ್ಯಾಕ್ಟೀರಿಯಾಗಳ ಸಂಪರ್ಕ ಮೊದಲೇ ಆಗಿದ್ದರೆ ಲಸಿಕೆಯ ಪರಿಣಾಮ ಮಸುಕಾಗುತ್ತದೆ ಎಂಬುದು ಬಹುಕಾಲದಿಂದ ಚರ್ಚೆಯಲ್ಲಿರುವ ಒಂದು ವಿವರಣೆ. ಅಕ್ಷಾಂಶದ ಬೆನ್ನಿಗೆ ಇನ್ನೂ ಹತ್ತು ಸಂಗತಿಗಳು ಅಂಟಿಕೊಂಡಿರಬಹುದು. ಅಧ್ಯಯನಗಳನ್ನು ಯಾರೂ ಲಾಟರಿ ಎತ್ತಿ ಊರುಗಳಿಗೆ ಹಂಚಿಲ್ಲ. ಒಂದು ವೇಳೆ ಒಳಗಿನ ಪ್ರತಿ ಅಧ್ಯಯನವೂ ರ‍್ಯಾಂಡಮೈಸ್ಡ್ ಆಗಿದ್ದರೂ ಅವುಗಳ ನಡುವಿನ ಈ ಹೋಲಿಕೆ ಬರೀ ವೀಕ್ಷಣಾ ಅಧ್ಯಯನದ ಮಟ್ಟದ್ದು. 13ರ ಹತ್ತಿರ 0.88 ಬಂತೆಂದು ಮಗುವಿಗೆ ಬಿಸಿಜಿ ಯಾಕೆ ಎಂದು ಕೇಳುವವರಿಗೂ ಒಂದು ಉತ್ತರ ಇಟ್ಟುಕೊಂಡಿರಿ: ಹುಟ್ಟಿದ ಕೂಸುಗಳಿಗೆ ನಮ್ಮಲ್ಲಿ ಇಂದಿಗೂ ಅದನ್ನು ಕೊಡುವುದು ಮೆದುಳುಪೊರೆಯ ಕ್ಷಯದಂಥ ಗಂಭೀರ ರೂಪಗಳಿಂದ ಕಾಪಾಡಲು. ಈ ರೇಖೆ ಆ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಮೆಟಾಫರ್‌ನ ಅತಿ ಒಳ್ಳೆಯ ಪಾಠ ಎರಡನೆಯ ಗುಣ ಸೇರಿಸಿದಾಗ ಸಿಗುತ್ತದೆ. ಅಕ್ಷಾಂಶದ ಜೊತೆ ಪ್ರಕಟಣೆಯ ವರ್ಷವನ್ನೂ ಹಾಕಿ ನೋಡಿ. ಮಾಮೂಲಿ ರಿಗ್ರೆಷನ್‌ನಲ್ಲಿ ಹೊಸ ಗುಣ ಸೇರಿಸಿದರೆ ಆರ್-ಸ್ಕ್ವೇರ್ ಏರುತ್ತದೆ, ಇಲ್ಲವೇ ಇದ್ದಲ್ಲೇ ಇರುತ್ತದೆ. ಇಲ್ಲಿ ಅದು 75.62ರಿಂದ 64.63ಕ್ಕೆ ಇಳಿಯುತ್ತದೆ! ಟೌ-ಸ್ಕ್ವೇರ್ 0.0764ರಿಂದ 0.1108ಕ್ಕೆ ಏರುತ್ತದೆ. ಪ್ಯಾಕೇಜ್ ಕೆಟ್ಟಿಲ್ಲ. ಇಲ್ಲಿನ ಆರ್-ಸ್ಕ್ವೇರ್ ಎಂದರೆ ಟೌ-ಸ್ಕ್ವೇರ್ ಎಷ್ಟು ಇಳಿಯಿತು ಎಂಬ ಪ್ರಮಾಣ. ಆ ಟೌ-ಸ್ಕ್ವೇರ್ ಕೂಡ 13 ಚುಕ್ಕಿಗಳಿಂದ ಅಂದಾಜು ಮಾಡಿದ್ದು. ಏನೂ ಹೇಳದ ಗುಣವೊಂದನ್ನು ಸೇರಿಸಿದಾಗ ಒಂದು ಡಿಗ್ರಿ ಆಫ್ ಫ್ರೀಡಮ್ ಖರ್ಚಾಗುತ್ತದೆ, ಅಂದಾಜು ಮೇಲಕ್ಕೆ ಜಿಗಿಯುತ್ತದೆ. ವರ್ಷದ ಇಳಿಜಾರು 0.0019, ಅದರ ಸ್ಟ್ಯಾಂಡರ್ಡ್ ಎರರ್ 0.0147. ತೆಗೆದುಹಾಕಿ. ಆರ್-ಸ್ಕ್ವೇರ್ ಅನ್ನು ಎರಡು ದಶಾಂಶದವರೆಗೆ ಬರೆದು ಬೀಗುವವರು ಈ ಜಿಗಿತ ನೋಡಿ ಸ್ವಲ್ಪ ತಣ್ಣಗಾಗಲಿ.

ಡೀಫಾಲ್ಟ್ ಸೆಟ್ಟಿಂಗ್‌ಗಳ ವಿಷಯದಲ್ಲಿ ನಮ್ಮದೊಂದು ದೂರು. ಟೌ-ಸ್ಕ್ವೇರ್ ಅಂದಾಜಿಗೆ ರೆಮ್ಲ್ (REML) ವಿಧಾನ, ಅದು ಸರಿ. ಆದರೆ ಪಿ-ವ್ಯಾಲ್ಯೂಗೆ (ಸಂಬಂಧವೇ ಇಲ್ಲದಿದ್ದರೂ ಇಂಥ ಉತ್ತರ ಬರುವ ಸಾಧ್ಯತೆ) ಡೀಫಾಲ್ಟ್ ಝಡ್ ಟೆಸ್ಟ್. ಟೌ-ಸ್ಕ್ವೇರ್ ಖಚಿತವಾಗಿ ಗೊತ್ತಿದೆ ಎಂಬಂತೆ ಅದು ವರ್ತಿಸುತ್ತದೆ. ಅಧ್ಯಯನಗಳು ಕಮ್ಮಿಯಿದ್ದಾಗ ಇಲ್ಲದ ಸಂಬಂಧ ಇದೆ ಎಂದು ತೋರಿಸುವ ಸಾಧ್ಯತೆ ಹೆಚ್ಚು. ಟೆಸ್ಟ್ ಜಾಗದಲ್ಲಿ ನ್ಯಾಪ್-ಹಾರ್ಟುಂಗ್ ತಿದ್ದುಪಡಿಯನ್ನು ಬರೆದುಬಿಡಿ. ಆಗ ಟಿ ಹಂಚಿಕೆ ಬಳಸುತ್ತದೆ, ನಮ್ಮ ಉದಾಹರಣೆಯಲ್ಲಿ ಡಿಗ್ರಿ ಆಫ್ ಫ್ರೀಡಮ್ 11. ಇದನ್ನು ಡೀಫಾಲ್ಟ್ ಮಾಡಿದ್ದರೆ ಎಷ್ಟೋ ಥೀಸಿಸ್‌ಗಳ ಮಾನ ಉಳಿಯುತ್ತಿತ್ತು. ಇನ್ನೂ ಅನುಮಾನವಿದ್ದರೆ ಪರ್ಮ್ಯೂಟೆಸ್ಟ್ ಇದೆ. ಅದು ಗುಣಗಳ ಅಂಕಿಗಳನ್ನು ಅಧ್ಯಯನಗಳ ನಡುವೆ ಇಸ್ಪೀಟೆಲೆ ಕಲಸಿದ ಹಾಗೆ ಕಲಸಿ, ಪ್ರತಿ ಸಲ ಮಾಡೆಲ್ ಓಡಿಸಿ, ನಿಮಗೆ ಬಂದ ಉತ್ತರ ಸುಮ್ಮನೆ ಅದೃಷ್ಟದಿಂದ ಎಷ್ಟು ಸಲ ಬರುತ್ತದೆ ಎಂದು ಎಣಿಸುತ್ತದೆ. ಡೀಫಾಲ್ಟ್ 1000 ಸಲ. 13 ಅಧ್ಯಯನಗಳಿಗೆ ಎಲ್ಲ ಜೋಡಣೆಗಳನ್ನೂ ನೋಡಲು ಹೋದರೆ ಆರುನೂರು ಕೋಟಿ ದಾಟುತ್ತದೆ, ಆ ಹುಚ್ಚು ಬೇಡ. ಆದರೆ 1000 ಸಲಕ್ಕೂ ಬಿಟ್ಟುಬಿಡಬೇಡಿ, 10,000 ಮಾಡಿ. ಓಡಿಸುವ ಮೊದಲು ಸೀಡ್ ಅಂಕಿ ಕೊಡಲು ಮರೆತರೆ ಪ್ರತಿ ಸಲ ಪಿ-ವ್ಯಾಲ್ಯೂ ಸ್ವಲ್ಪ ಸ್ವಲ್ಪ ಬೇರೆ ಬರುತ್ತದೆ, ಗೈಡ್ ಮುಂದೆ ಪೇಚಾಟ.

ಕೆಡುವ ಜಾಗಗಳ ಪೈಕಿ ಅರ್ಧದಷ್ಟು ಎಕ್ಸೆಲ್‌ನಲ್ಲೇ ಇವೆ. ಅಕ್ಷಾಂಶದ ಕಾಲಮ್‌ನಲ್ಲಿ ಎಲ್ಲೋ ಒಂದು ಕಡೆ ‘55 ಡಿಗ್ರಿ’ ಎಂದು ಅಕ್ಷರದಲ್ಲಿ ಬರೆದಿದ್ದರೆ ಇಡೀ ಕಾಲಮ್ ಪಠ್ಯವಾಗಿ ಒಳಗೆ ಬರುತ್ತದೆ. ಮೆಟಾಫರ್ ಅದನ್ನು ಗುಂಪುಗಳ ಹೆಸರು ಎಂದುಕೊಳ್ಳುತ್ತದೆ. ಬಿಸಿಜಿ ಡೇಟಾದಲ್ಲಿ ಬೇರೆ ಬೇರೆ ಅಕ್ಷಾಂಶಗಳು 9. ಹಾಗಾಗಿ ಒಂದು ಇಳಿಜಾರಿನ ಬದಲು 8 ಸಾಲುಗಳ ಪಟ್ಟಿ ಹೊರಬರುತ್ತದೆ, ಎರರ್ ಏನೂ ಬರದೆ. ಒಂದು ಸಾಲು ಕಾಯುತ್ತಿದ್ದಾಗ ಎಂಟು ಬಂದರೆ ಕಾಲಮ್ ನೋಡಿ. ಬೇರೆ ಬೇರೆ ಬೆಲೆಗಳು ಇನ್ನೂ ಹೆಚ್ಚಿದ್ದರೆ, ಇರುವ ಅಧ್ಯಯನಗಳಿಗಿಂತ ಅಂದಾಜಿಸಬೇಕಾದ ಅಂಕಿಗಳೇ ಜಾಸ್ತಿ ಎಂದು ಹೇಳಿ ನಿಂತುಬಿಡುತ್ತದೆ. ಶೇಕಡಾ ಚಿಹ್ನೆ, ಅಂಕಿಯ ಪಕ್ಕದ ನಕ್ಷತ್ರ, ಖಾಲಿ ಜಾಗದಲ್ಲಿ ಹಾಕಿದ ಗೀಟು ಎಲ್ಲದರದ್ದೂ ಇದೇ ಕಥೆ.

ಖಾಲಿ ಜಾಗ ಇನ್ನೂ ಕಪಟಿ. 18 ಅಧ್ಯಯನಗಳಲ್ಲಿ 5 ಪೇಪರುಗಳು ಸರಾಸರಿ ಬಿಎಂಐ ಕೊಟ್ಟಿಲ್ಲ ಎಂದುಕೊಳ್ಳಿ. ಬಿಎಂಐ ಸೇರಿಸಿದ ಮಾಡೆಲ್ 13ರ ಮೇಲೆ ಓಡುತ್ತದೆ, ಒಂದು ಸಾಲಿನ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಬಿಎಂಐ ಇಲ್ಲದ ಮಾಡೆಲ್‌ನ ಟೌ-ಸ್ಕ್ವೇರ್ 18ರದು, ಇದರದು 13ರದು. ಎರಡನ್ನೂ ಪಕ್ಕಪಕ್ಕ ಇಟ್ಟು ‘ಬಿಎಂಐ ಇಷ್ಟು ವಿವರಿಸಿತು’ ಎಂದು ಬರೆದರೆ ತಪ್ಪು. ಔಟ್‌ಪುಟ್‌ನ ಮೊದಲ ಸಾಲಿನಲ್ಲಿ ಕೆ (ಅಧ್ಯಯನಗಳ ಸಂಖ್ಯೆ) ಎಷ್ಟೆಂದು ಪ್ರತಿ ಸಲ ನೋಡುವ ಅಭ್ಯಾಸ ಮಾಡಿಕೊಳ್ಳಿ.

ವೇರಿಯನ್ಸ್ ಕೊಡಬೇಕಾದ ಜಾಗಕ್ಕೆ ಸ್ಟ್ಯಾಂಡರ್ಡ್ ಎರರ್ ಕೊಡುವುದು ಇನ್ನೊಂದು ಮಾಮೂಲಿ ತಪ್ಪು. ಎರಡನೆಯ ಜಾಗ ವಿಐ, ಅಂದರೆ ವೇರಿಯನ್ಸ್. ಸ್ಟ್ಯಾಂಡರ್ಡ್ ಎರರ್ ಇದ್ದರೆ ಎಸ್‌ಇಐ ಎಂದು ಹೆಸರು ಹೇಳಿಯೇ ಕೊಡಬೇಕು. ಸ್ಟ್ಯಾಂಡರ್ಡ್ ಎರರ್ 0.2 ಇದ್ದರೆ ವೇರಿಯನ್ಸ್ 0.04. ಅದಲುಬದಲಾದರೆ ಆ ಅಧ್ಯಯನದ ವೇರಿಯನ್ಸ್ ಐದು ಪಟ್ಟು ಉಬ್ಬುತ್ತದೆ, ಐ-ಸ್ಕ್ವೇರ್ ಅನುಮಾನ ಬರುವಷ್ಟು ಕೆಳಗಿಳಿಯುತ್ತದೆ.

ಆಗೊಮ್ಮೆ ಈಗೊಮ್ಮೆ ‘ಫಿಶರ್ ಸ್ಕೋರಿಂಗ್ ಕನ್ವರ್ಜ್ ಆಗಲಿಲ್ಲ’ ಎಂಬ ಎರರ್ ಬರುತ್ತದೆ. ಗಾಬರಿ ಬೇಡ. ಕಂಟ್ರೋಲ್ ಪಟ್ಟಿಯಲ್ಲಿ ಸ್ಟೆಪ್-ಅಡ್ಜಸ್ಟ್ 0.5 ಎಂದು ಕೊಟ್ಟರೆ ಲೆಕ್ಕ ಸಣ್ಣ ಹೆಜ್ಜೆಯಲ್ಲಿ ನಡೆದು ಸಾಮಾನ್ಯವಾಗಿ ಗುರಿ ಮುಟ್ಟುತ್ತದೆ.

ಪ್ಯಾಕೇಜ್ ಹೇಳದ, ಹೇಳಲಾರದ ವಿಷಯಗಳೇ ಬೇರೆ. ಹತ್ತಕ್ಕಿಂತ ಕಮ್ಮಿ ಅಧ್ಯಯನಗಳಿದ್ದರೆ ಸಾಮಾನ್ಯವಾಗಿ ಮೆಟಾ-ರಿಗ್ರೆಷನ್‌ಗೆ ಕೈಹಾಕಬೇಡಿ ಎಂಬುದು ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರಿಗೆಂದೇ ಇರುವ ಕಾಕ್ರೇನ್ ಕೈಪಿಡಿಯ ಸಲಹೆ. ಆರ್‌ಎಮ್‌ಎ 5 ಅಧ್ಯಯನ ಕೊಟ್ಟರೂ ಮುಖ ಸಿಂಡರಿಸದೆ ಓಡುತ್ತದೆ. ಒಂದಾದ ಮೇಲೊಂದರಂತೆ 5 ಗುಣಗಳನ್ನು ಪರೀಕ್ಷಿಸಿದರೆ, ಯಾವುದರಲ್ಲೂ ಹುರುಳಿಲ್ಲದಿದ್ದರೂ, ಒಂದಾದರೂ ‘ಸಿಗ್ನಿಫಿಕೆಂಟ್’ ಆಗುವ ಸಾಧ್ಯತೆ ಹತ್ತಿರ ಹತ್ತಿರ ಶೇ. 23. ಹಾಗಾಗಿ ಯಾವ ಗುಣ ನೋಡುತ್ತೀರಿ ಎಂಬುದು ಸಿನಾಪ್ಸಿಸ್‌ನಲ್ಲೇ ಇರಬೇಕು, ಇಂಥ ರಿವ್ಯೂಗಳನ್ನು ಮೊದಲೇ ದಾಖಲಿಸುವ ಪ್ರಾಸ್ಪೆರೊ ನೋಂದಣಿಯಲ್ಲೂ ಇರಬೇಕು. ಫಾರೆಸ್ಟ್ ಪ್ಲಾಟ್ (ಎಲ್ಲ ಅಧ್ಯಯನಗಳ ಫಲಿತಾಂಶದ ಚಿತ್ರ) ನೋಡಿದ ಮೇಲೆ ಹೊಳೆದದ್ದಾದರೆ ಹಾಗೆಂದೇ ಬರೆಯಿರಿ.

ರೋಗಿಗಳ ಸರಾಸರಿಯನ್ನು ಗುಣವಾಗಿ ಬಳಸುವಾಗ ಎರಡು ಪಟ್ಟು ಎಚ್ಚರ ಬೇಕು. ಡಯಾಬಿಟಿಸ್ ಅಧ್ಯಯನಗಳ ಸರಾಸರಿ ವಯಸ್ಸು ಎಲ್ಲ ಕಡೆ 52ರಿಂದ 58ರೊಳಗೆ ಇದೆ ಎಂದುಕೊಳ್ಳಿ. ಒಳಗಿನ ರೋಗಿಗಳು 30ರವರೂ ಇದ್ದಾರೆ, 80ರವರೂ ಇದ್ದಾರೆ. ವಯಸ್ಸಾದವರಿಗೆ ಔಷಧ ಕಮ್ಮಿ ಕೆಲಸ ಮಾಡುತ್ತದೆ ಎಂಬುದು ನಿಜವೇ ಆಗಿದ್ದರೂ ಆ ಆರು ವರ್ಷದ ಕಿಂಡಿಯಲ್ಲಿ ಕಾಣುವುದಿಲ್ಲ. ‘ವಯಸ್ಸಿಗೂ ಪರಿಣಾಮಕ್ಕೂ ಸಂಬಂಧವಿಲ್ಲ’ ಎಂದು ತೀರ್ಮಾನ ಬರೆದರೆ ಅದು ಡೇಟಾ ಹೇಳಿದ್ದಲ್ಲ. ಉಲ್ಟಾ ಕೂಡ ಆಗುತ್ತದೆ: ಅಧ್ಯಯನಗಳ ಮಟ್ಟದಲ್ಲಿ ಕಂಡ ಸಂಬಂಧ ರೋಗಿಗಳ ಮಟ್ಟದಲ್ಲಿ ಇಲ್ಲದಿರಬಹುದು, ತಿರುಗುಮುರುಗಾಗಿಯೂ ಇರಬಹುದು. ಡೋಸ್, ಚಿಕಿತ್ಸೆಯ ಅವಧಿಯಂಥ ಗುಣಗಳಲ್ಲಿ ಈ ತೊಂದರೆ ಕಮ್ಮಿ, ಏಕೆಂದರೆ ಅಧ್ಯಯನದ ಎಲ್ಲರಿಗೂ ಅವು ಒಂದೇ. ಕಂಟ್ರೋಲ್ ಗುಂಪಿನ ಅಪಾಯವನ್ನೇ ಗುಣವಾಗಿ ಹಾಕುವುದಂತೂ ಬೇಡವೇ ಬೇಡ. ಅದೇ ಅಂಕಿ ರಿಸ್ಕ್ ರೇಶಿಯೊದೊಳಗೂ ಕೂತಿದೆ, ಇಲ್ಲದ ಸಂಬಂಧ ತಾನಾಗಿ ಹುಟ್ಟುತ್ತದೆ.

ಚಿತ್ರದ ವಿಷಯದಲ್ಲಿ ರೆಗ್‌ಪ್ಲಾಟ್‌ಗೆ ಪೂರ್ತಿ ಅಂಕ. ಅಡ್ಡಕ್ಕೆ ಅಕ್ಷಾಂಶ, ಉದ್ದಕ್ಕೆ ರಿಸ್ಕ್ ರೇಶಿಯೊ, ತೂಕಕ್ಕೆ ತಕ್ಕ ಗಾತ್ರದ ಗುಳ್ಳೆಗಳು, ನಡುವೆ ರೇಖೆ, ಸುತ್ತ ಕಾನ್ಫಿಡೆನ್ಸ್ ಪಟ್ಟಿ. ಪ್ರೆಡಿಕ್ಷನ್ ಇಂಟರ್ವಲ್ (ಹೊಸ ಅಧ್ಯಯನವೊಂದರ ಪರಿಣಾಮ ಬೀಳಬಹುದಾದ ವ್ಯಾಪ್ತಿ) ಕೇಳಿ ಹಾಕಿಸಿಕೊಳ್ಳಿ, ಡೀಫಾಲ್ಟ್ ಆಗಿ ಬರುವುದಿಲ್ಲ. ಗುಳ್ಳೆಗಳನ್ನು ತೆಗೆದು ಬರೀ ರೇಖೆ ತೋರಿಸುವವರನ್ನು ನಂಬಬೇಡಿ. ಎರಡೇ ಗುಳ್ಳೆಗಳು ರೇಖೆಯನ್ನು ಹಿಡಿದು ಎಳೆಯುತ್ತಿವೆಯೇ ಎಂಬುದು ಕಣ್ಣಿಗೆ ಕಾಣುವುದು ಅಲ್ಲೇ. ಅನುಮಾನ ಬಂದರೆ ಇನ್‌ಫ್ಲುಯೆನ್ಸ್ ಆದೇಶ ಒಂದೊಂದೇ ಅಧ್ಯಯನವನ್ನು ಬಿಟ್ಟು ಲೆಕ್ಕ ಹಾಕಿ ತೋರಿಸುತ್ತದೆ.

ಒಂದೇ ಟ್ರಯಲ್‌ನಿಂದ ಎರಡು ಮೂರು ಫಲಿತಾಂಶ ತೆಗೆದುಕೊಂಡಿದ್ದರೆ ಆರ್‌ಎಮ್‌ಎ ಸಾಲದು, ಅದರ ಅಣ್ಣ ಆರ್‌ಎಮ್‌ಎ-ಎಂವಿ ಬೇಕು. ಅಲ್ಲಿಗೆ ಹೋಗುವ ಮೊದಲು ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗದವರ ಹತ್ತಿರ ಅರ್ಧ ಗಂಟೆ ಕೂರುವುದು ಲೇಸು.

ಕೋಡ್ ಬರೆಯಲು ಮನಸ್ಸಿಲ್ಲದವರಿಗೆ ಜಾಸ್ಪ್ ಇದೆ. ಅದೂ ಪುಕ್ಕಟೆ, ಮೌಸ್‌ನಲ್ಲೇ ಕೆಲಸ, ಒಳಗೆ ಲೆಕ್ಕ ಮಾಡುವುದು ಮೆಟಾಫರೇ. ಸ್ಟೇಟಾ ಇರುವ ವಿಭಾಗಗಳಲ್ಲಿ 16ನೇ ಆವೃತ್ತಿಯಿಂದ ಮೆಟಾ-ರಿಗ್ರೆಷನ್ ಅದರೊಳಗೇ ಬಂದಿದೆ. ಮನೆಯ ಲ್ಯಾಪ್‌ಟಾಪ್‌ಗೆ ಮಾತ್ರ ದುಡ್ಡು ತೆರಬೇಕು. ನಮ್ಮಲ್ಲಿ ಹೆಚ್ಚಿನವರು ಕಲಿತಿರುವ, ಕಾಕ್ರೇನ್‌ನ ತಂತ್ರಾಂಶ ರೆವ್‌ಮ್ಯಾನ್ 5ರಲ್ಲಿ ಸಬ್‌ಗ್ರೂಪ್ ಉಂಟು, ಮೆಟಾ-ರಿಗ್ರೆಷನ್ ಇಲ್ಲ. ಅಕ್ಷಾಂಶವನ್ನು ‘30ರ ಕೆಳಗೆ’, ‘30ರ ಮೇಲೆ’ ಎಂದು ಕತ್ತರಿಸಿ ಸಬ್‌ಗ್ರೂಪ್ ಮಾಡುವವರಿದ್ದಾರೆ. 33 ಮತ್ತು 55 ಒಂದೇ ಗುಂಪಿಗೆ ಹೋದವು, 27 ಮತ್ತು 33 ಬೇರೆಯಾದವು. ಅಂಕಿ ಕೈಯಲ್ಲಿರುವಾಗ ಕತ್ತರಿ ಯಾಕೆ ಬೇಕು?

ಸಹಾಯ ಪುಟಗಳು ಇಂಗ್ಲಿಷ್‌ನಲ್ಲಿ ಮಾತ್ರ, ಉದ್ದವೋ ಉದ್ದ. ಆದರೆ ಪ್ರತಿ ಪುಟದ ತಳದಲ್ಲಿ ಓಡಿಸಬಹುದಾದ ಉದಾಹರಣೆ ಇದೆ, ಮೊದಲು ಅದನ್ನೇ ಓಡಿಸಿ, ಆಮೇಲೆ ಮೇಲಿನದನ್ನು ಓದಿ. ಥೀಸಿಸ್‌ನ ಮೆಥಡ್ಸ್ ಭಾಗದಲ್ಲಿ ಆರ್ ಮತ್ತು ಮೆಟಾಫರ್‌ನ ಆವೃತ್ತಿ, ಟೌ-ಸ್ಕ್ವೇರ್ ಅಂದಾಜಿನ ವಿಧಾನ, ಯಾವ ಟೆಸ್ಟ್, ಪ್ರತಿ ಮಾಡೆಲ್‌ನ ಕೆ, ಇಷ್ಟೂ ಇರಲಿ. ಸ್ಕ್ರಿಪ್ಟ್ ಮತ್ತು ಡೇಟಾದ ಸಿಎಸ್‌ವಿ ಫೈಲನ್ನು ಒಂದೇ ಫೋಲ್ಡರ್‌ನಲ್ಲಿಟ್ಟು ಗೈಡ್‌ಗೂ ಒಂದು ಪ್ರತಿ ಕಳಿಸಿಬಿಡಿ.